ಮೂವತ್ತು ವರ್ಷಕ್ಕೆ ಬೀಳಲಿ ಅಂತ ಯಾರಾದರೂ ಕಟ್ಟುತ್ತಾರಾ?

ಪ್ರಶ್ನೆ: ನಾನು ಲೋಕೋಪಯೋಗಿ ಇಲಾಖೆಯಲ್ಲಿ 33 ವರ್ಷ ದುಡಿದು ನಿವೃತ್ತನಾದ ಸಿವಿಲ್ ಎಂಜಿನಿಯರ್. ಊರು ದಾವಣಗೆರೆ. ಮಗಳು ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಹೋದ ವರ್ಷ ನಾನೂ ಮನೆಯವರೂ ಅಲ್ಲಿಗೆ ಹೋಗಿದ್ದಾಗ ಹಿಲ್ವರ್ಸಮ್ ಎಂಬ ಊರಿನ ಪಕ್ಕದ ಕಾಡಿನಲ್ಲಿರುವ ಝೊನ್ನೆಸ್ಟ್ರಾಲ್ ಅನ್ನುವ ಹಳೇ ಟಿ.ಬಿ. ಆಸ್ಪತ್ರೆ ತೋರಿಸಿದಳು. ಯಾನ್ ಡೈಕರ್ ಎಂಬವರು 1928ರಲ್ಲಿ ಕಟ್ಟಿದ್ದಂತೆ. ಕಾಗದ ಮಡಚಿ ಇಟ್ಟಂಥ ತೆಳು ಸ್ಲ್ಯಾಬು, ಸಣ್ಣ ಪಿಲ್ಲರು, ಗೋಡೆಯ ಜಾಗದಲ್ಲೆಲ್ಲ ಗಾಜು. 'ಇದನ್ನ ಮೂವತ್ತು ವರ್ಷಕ್ಕೆ ಬೀಳಲಿ ಅಂತಲೇ ಕಟ್ಟಿದ್ದು ಅಪ್ಪಾ' ಅಂದಳು. ನನಗೆ ಸಿಟ್ಟು ಬಂತು. ಸರ್ಕಾರಿ ಕೆಲಸದಲ್ಲಿ ಹಾಗೆ ಮಾಡಿದ್ದರೆ ನನ್ನನ್ನು ಸಸ್ಪೆಂಡ್ ಮಾಡುತ್ತಿದ್ದರು. ಮೈಸೂರಿನ ಪಿಕೆಟಿಬಿ ಸ್ಯಾನಟೋರಿಯಂ ಇದಕ್ಕಿಂತ ಹಳೇದು, ಅದು ನಿಂತಿಲ್ಲವೇ? ಈಗ ಮಗಳು ಇದರ ಕಾಂಕ್ರೀಟಿನ ಮೇಲೇ ಥೀಸಿಸ್ ಬರೆಯುತ್ತೇನೆ, ಮುಂದೆ ಹಳೇ ಕಾಂಕ್ರೀಟ್ ಕಟ್ಟಡ ಉಳಿಸುವ ಕೆಲಸವನ್ನೇ ಮಾಡುತ್ತೇನೆ ಅನ್ನುತ್ತಾಳೆ. ನನ್ನ ಪ್ರಶ್ನೆ ಮೂರು. ಅದು ನಿಜವಾಗಿ ಬೀಳಲೆಂದೇ ಕಟ್ಟಿದ್ದಾ, ಇಲ್ಲ ಸೋತ ಕಟ್ಟಡಕ್ಕೆ ಆಮೇಲೆ ಹೊಲಿದ ಅಂಗಿಯಾ? ಬೀಳಬೇಕಾಗಿದ್ದನ್ನು ಅಷ್ಟು ದುಡ್ಡು ಸುರಿದು ಯಾಕೆ ಉಳಿಸಿದರು? ಈ ದಾರಿಯಲ್ಲಿ ಮಗಳಿಗೆ ಅನ್ನ ಹುಟ್ಟುತ್ತದಾ?

ಉತ್ತರ:

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ ಸರ್. ನಾನೂ ಸ್ಟ್ರಕ್ಚರಲ್ ಎಂಜಿನಿಯರೇ. ಹಳೇ ಕಾಂಕ್ರೀಟಿನ ರಿಪೇರಿ ನನ್ನ ದಿನದ ಕೆಲಸ. 'ಗಟ್ಟಿಯಾಗಿರಬೇಕು, ನಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಲ್ಲಬೇಕು' ಅನ್ನುವ ಮಾತನ್ನು ಕೇಳಿಕೊಂಡೇ ಬೆಳೆದವರು ನಾವು. ಹಾಗಾಗಿ ನಿಮ್ಮ ಪತ್ರದ ಒಳಗಿನ ಆತಂಕ ಕಟ್ಟಡದ್ದಷ್ಟೇ ಅಲ್ಲ ಅನ್ನಿಸಿತು. ನೀವು ಜೀವಮಾನ ನಂಬಿದ ಒಂದು ವಿಷಯವನ್ನು ಮಗಳು ಓದುವ ಶಾಲೆ ತಲೆಕೆಳಗು ಮಾಡುತ್ತಿದೆಯೇನೋ ಅನ್ನುವ ಅಳುಕೂ ಅದರಲ್ಲಿದೆ. ಮಗಳ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ಬಾಯಿಂದ ಬಾಯಿಗೆ ದಾಟುವಾಗ ಸೇರಿಕೊಂಡಿದ್ದು.

ಮೊದಲು ಆ ದುಡ್ಡು ಯಾರದ್ದು ಅಂತ ನೋಡೋಣ. ಅದು ಗೊತ್ತಾಗದೆ ಈ ಕಟ್ಟಡ ಅರ್ಥವಾಗಲ್ಲ.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಜ್ರಕ್ಕೆ ಸಾಣೆ ಹಿಡಿಯುವ ಕೆಲಸಗಾರರು ಸಾವಿರಾರು ಜನ ಇದ್ದರು. ಗಾಳಿಯಾಡದ ಕೋಣೆ, ದೂಳು, ಒಬ್ಬರ ಪಕ್ಕ ಒಬ್ಬರು ಕೂತು ಮಾಡುವ ಕೆಲಸ. ಅವರಲ್ಲಿ ಕ್ಷಯ ಜಾಸ್ತಿ. ಸಾಣೆ ಹಿಡಿಯುವಾಗ ವಜ್ರವನ್ನು ಒಂದು ಪುಟ್ಟ ಬಟ್ಟಲಿನಲ್ಲಿ ಕೂರಿಸುತ್ತಿದ್ದರು. ಆ ಬಟ್ಟಲಿಗೆ ತಾಮ್ರದ ಒಂದು ತೊಟ್ಟು. ತೊಟ್ಟನ್ನು ಸ್ವಲ್ಪ ಬಗ್ಗಿಸಿದರೆ ವಜ್ರದ ಕೋನ ಬದಲಾಗುತ್ತದೆ, ಮತ್ತೊಂದು ಮುಖ ಸಾಣೆಗೆ ತಾಗುತ್ತದೆ. ಹೀಗೆ ಬಗ್ಗಿಸಿ ಬಗ್ಗಿಸಿ ಕೊನೆಗೆ ತೊಟ್ಟು ಮುರಿಯುತ್ತದೆ. ಆ ಮುರಿದ ತುಂಡುಗಳು ಗುಜರಿಗೆ ಹೋಗುತ್ತಿದ್ದವು. 1905ರಲ್ಲಿ ಯಾನ್ ಫಾನ್ ಝುಟ್ಫೆನ್ ಎಂಬ ಕಾರ್ಮಿಕ ಮುಖಂಡರು ಆ ತುಂಡುಗಳನ್ನೇ ಒಟ್ಟುಮಾಡಿ ಮಾರಿ ಕ್ಷಯರೋಗಿಗಳಿಗೆ ನೆರವಾಗಲು ಒಂದು ನಿಧಿ ಶುರುಮಾಡಿದರು. ಅದರ ಹೆಸರೇ 'ತಾಮ್ರದ ತೊಟ್ಟಿನ ನಿಧಿ'. 1919ರಲ್ಲಿ ಹಿಲ್ವರ್ಸಮ್ ಪಕ್ಕದ ಆ ಕಾಡಿನ ಜಾಗ ಕೊಂಡರು. ಅಲ್ಲಿ ಎದ್ದದ್ದು ನೀವು ನೋಡಿದ ಕಟ್ಟಡ. ಝೊನ್ನೆಸ್ಟ್ರಾಲ್ ಅಂದರೆ ಬಿಸಿಲಿನ ಕಿರಣ.

ಅಂದರೆ ಈ ಆಸ್ಪತ್ರೆಯ ಹಿಂದಿದ್ದದ್ದು ಸರ್ಕಾರದ ಟೆಂಡರ್ ಅಲ್ಲ, ಶ್ರೀಮಂತರ ದಾನವೂ ಅಲ್ಲ. ಮುರಿದ ತಾಮ್ರದ ಚೂರು ಕೂಡಿಟ್ಟ ಜನ. ಅಂಥ ದುಡ್ಡಿನಲ್ಲಿ ಒಂದು ಚೀಲ ಸಿಮೆಂಟು ಹೆಚ್ಚಿಗೆ ಸುರಿದರೂ ಅದು ಯಾರದೋ ಹಾಸಿಗೆ ಕಿತ್ತುಕೊಂಡ ಹಾಗೆ. ಡೈಕರ್ ಇದನ್ನು ತುಂಬ ಗಂಭೀರವಾಗಿ ತೆಗೆದುಕೊಂಡರು.

ಯಾನ್ ಡೈಕರ್ ಹುಟ್ಟಿದ್ದು 1890ರಲ್ಲಿ, ಹೇಗ್ ನಗರದಲ್ಲಿ. ನಿಮ್ಮ ಮಗಳು ಈಗ ಓದುತ್ತಿರುವ ಡೆಲ್ಫ್ಟ್‌ನಲ್ಲೇ ಓದಿ 1913ರಲ್ಲಿ ಹೊರಬಂದರು. ಜೊತೆಗಾರ ಬರ್ನಾರ್ಡ್ ಬೈವೂಟ್ ಕೂಡ ಅದೇ ಬ್ಯಾಚು. ಇಬ್ಬರೂ ಸೇರಿ ಆಫೀಸು ತೆರೆದರು. ಶುರುವಿನಲ್ಲಿ ಎಲ್ಲರಂತೆ ಇಟ್ಟಿಗೆ ಕೆಲಸವೇ. ಆಮ್‌ಸ್ಟರ್‌ಡ್ಯಾಮ್‌ನ ಕಲಾ ಅಕಾಡೆಮಿಗೆ ನಡೆದ ದೊಡ್ಡ ಸ್ಪರ್ಧೆ ಗೆದ್ದರು, ಆದರೆ ಅದು ಕಟ್ಟಲೇ ಇಲ್ಲ. ಬೈವೂಟ್ 1925ರಲ್ಲಿ ಪ್ಯಾರಿಸ್ಸಿಗೆ ಹೋದರು. ಝೊನ್ನೆಸ್ಟ್ರಾಲಿಗೆ ಕಾಂಕ್ರೀಟಿನ ಲೆಕ್ಕದಲ್ಲಿ ಡೈಕರ್ ಅವರಿಗೆ ಜೊತೆಯಾದವರು ಯಾನ್ ಗೆರ್ಕೊ ವೀಬೆಂಗಾ ಎಂಬ ಎಂಜಿನಿಯರ್. ಅಮೆರಿಕದಲ್ಲಿ ಕೆಲಸ ಮಾಡಿ ಬಂದಿದ್ದವರು. ಈ ಹೆಸರನ್ನು ಆರ್ಕಿಟೆಕ್ಚರ್ ಮೇಷ್ಟ್ರುಗಳು ಬೇಗ ದಾಟಿಸಿಬಿಡುತ್ತಾರೆ. ನಾವು ಎಂಜಿನಿಯರುಗಳು ಹಾಗೆ ಮಾಡಬಾರದು.

ಈಗ ನಿಮ್ಮ ಕಣ್ಣಿಗೆ ಹೆದರಿಕೆ ಹುಟ್ಟಿಸಿದ ಆ ತೆಳು ಸ್ಲ್ಯಾಬಿಗೆ ಬರೋಣ. ಒಂದು ಬೀಮನ್ನು ಎರಡು ತುದಿಗೆ ಪಿಲ್ಲರ್ ಕೊಟ್ಟು ಕೂರಿಸಿದರೆ ನಡುವಿನ ಬೆಂಡಿಂಗ್ ಮೊಮೆಂಟ್, ಅಂದರೆ ಭಾರ ಬೀಮನ್ನು ಬಗ್ಗಿಸುವ ಪ್ರಮಾಣ, ಎಷ್ಟು ಅಂತ ನಿಮಗೆ ನಿದ್ದೆಯಲ್ಲೂ ಗೊತ್ತು: ಡಬ್ಲ್ಯು ಎಲ್ ಸ್ಕ್ವೇರ್ ಬೈ 8 (ಡಬ್ಲ್ಯು ಅಂದರೆ ಪ್ರತಿ ಮೀಟರಿಗೆ ಬೀಳುವ ಭಾರ, ಎಲ್ ಅಂದರೆ ಬೀಮಿನ ಉದ್ದ). ಅದೇ ಬೀಮು, ಅದೇ ಭಾರ. ಪಿಲ್ಲರುಗಳನ್ನು ಎರಡೂ ಕಡೆಯಿಂದ ಉದ್ದದ ಸುಮಾರು ಐದನೇ ಒಂದು ಭಾಗ ಒಳಕ್ಕೆ ಸರಿಸಿ. ಹೊರಗೆ ಚಾಚಿದ ಭಾಗ ತನ್ನ ಭಾರದಿಂದ ನಡುವನ್ನು ಮೇಲಕ್ಕೆ ಎತ್ತುತ್ತದೆ. ಆಗ ಅತಿ ಹೆಚ್ಚಿನ ಮೊಮೆಂಟ್ ಸುಮಾರು ಬೈ 47ಕ್ಕೆ ಇಳಿಯುತ್ತದೆ. ಹೆಚ್ಚೂಕಡಿಮೆ ಆರರಲ್ಲಿ ಒಂದು ಪಾಲು. ಝೊನ್ನೆಸ್ಟ್ರಾಲಿನಲ್ಲಿ ಪಿಲ್ಲರುಗಳು ಅಂಚಿನಲ್ಲಿ ನಿಂತಿಲ್ಲ, ಒಳಗೆ ಸರಿದಿವೆ. ಸ್ಲ್ಯಾಬು ಹೊರಕ್ಕೆ ಚಾಚಿದೆ. ಬೀಮು ಪಿಲ್ಲರಿನ ಹತ್ತಿರ ದಪ್ಪ, ತುದಿಗೆ ಹೋಗುತ್ತಾ ಸಣ್ಣ. ಮೊಮೆಂಟ್ ಡಯಾಗ್ರಾಮನ್ನೇ ಎರಕ ಹೊಯ್ದ ಹಾಗಿದೆ. ಅಂಚಿನಲ್ಲಿ ಭಾರವಿಲ್ಲದ್ದರಿಂದ ಅಲ್ಲಿ ಗೋಡೆ ಬೇಡ, ಗಾಜು ಸಾಕು. ಗಾಜಿದ್ದರೆ ಬಿಸಿಲು ಒಳಗೆ ಬರುತ್ತದೆ. ಆ ಕಾಲದಲ್ಲಿ ಕ್ಷಯಕ್ಕೆ ಇದ್ದ ಔಷಧಿ ಅಂದರೆ ಬಿಸಿಲು, ಗಾಳಿ, ಊಟ, ವಿಶ್ರಾಂತಿ, ಅಷ್ಟೇ. ಲೆಕ್ಕ, ಖರ್ಚು, ಚಿಕಿತ್ಸೆ ಮೂರೂ ಒಂದೇ ಗೆರೆಯಲ್ಲಿ ಕೂತಿವೆ ನೋಡಿ. ಇದನ್ನೇ ಫಂಕ್ಷನಲಿಸಂ ಅನ್ನುವುದು. ಚಪ್ಪಟೆ ಸೂರು, ಬಿಳಿ ಬಣ್ಣ, ಡಬ್ಬಿ ಆಕಾರ ಅನ್ನುವ ಫ್ಯಾಶನ್ ಅದಲ್ಲ. ನಮ್ಮಲ್ಲಿ ಆ ಪದವನ್ನು ಬಹಳ ಸಲ ಹಾಗೆ ಬಳಸುವುದು ಕೇಳಿದಾಗ ಬೇಜಾರಾಗುತ್ತದೆ.

ರೋಗಿಗಳ ಪೆವಿಲಿಯನ್‌ಗಳನ್ನೂ ನೀವು ಸುತ್ತಿ ನೋಡಿರಬೇಕು. ಒಂದೊಂದು ಪೆವಿಲಿಯನ್ನಿಗೂ ಎರಡು ರೆಕ್ಕೆ, ಒಂದಕ್ಕೊಂದು ಕೋನದಲ್ಲಿ. ಒಂದರ ನೆರಳು ಇನ್ನೊಂದರ ಹಾಸಿಗೆಯ ಮೇಲೆ ಬೀಳಬಾರದು ಅಂತ. ಕೋಣೆಯ ಅಳತೆ 3 ಮೀಟರಿನ ಲೆಕ್ಕದಲ್ಲಿ. ಸ್ವಲ್ಪ ಚೇತರಿಸಿಕೊಂಡವರು ಅಲ್ಲೇ ವರ್ಕ್‌ಶಾಪಿನಲ್ಲಿ ದಿನಕ್ಕಿಷ್ಟು ಹೊತ್ತು ಕೆಲಸ ಮಾಡಬೇಕು. ಆಸ್ಪತ್ರೆಯಿಂದ ನೇರ ಸಾಣೆಯ ಮುಂದೆ ಕೂತರೆ ರೋಗ ಮರುಕಳಿಸುತ್ತದೆ. ಹಾಗಾಗಿ ಮೈಗೆ ದುಡಿಮೆಯ ಅಭ್ಯಾಸವನ್ನು ಮೆಲ್ಲಗೆ ಹಿಂದಕ್ಕೆ ತರಬೇಕು. ಇದೂ ಕಟ್ಟಡದ ಪ್ಲಾನಿನಲ್ಲೇ ಇತ್ತು.

ಈಗ ನಿಮ್ಮ ಮೊದಲ ಪ್ರಶ್ನೆ. ಬೀಳಲೆಂದೇ ಕಟ್ಟಿದ್ದಾ?

ಇಲ್ಲ. ಯಾವ ಎಂಜಿನಿಯರೂ ರೋಗಿಗಳು ಮಲಗುವ ಸ್ಲ್ಯಾಬನ್ನು ಬೀಳಲೆಂದು ಹಾಕಲ್ಲ. ಆದರೆ 'ಈ ಕಟ್ಟಡದ ಅಗತ್ಯ ಎಷ್ಟು ಕಾಲ?' ಅನ್ನುವ ಪ್ರಶ್ನೆಯನ್ನು ಅವರು ಕೇಳಿಕೊಂಡರು. ಕ್ಷಯದ ಸೂಕ್ಷ್ಮಜೀವಿಯನ್ನು 1882ರಲ್ಲೇ ಕಂಡುಹಿಡಿದಾಗಿತ್ತು. ಮೂರು ನಾಲ್ಕು ದಶಕದಲ್ಲಿ ರೋಗವೇ ಹೋಗುತ್ತದೆ, ಆಮೇಲೆ ಈ ಆಸ್ಪತ್ರೆಯೂ ಬೇಡ ಅನ್ನುವ ಭರವಸೆ ಅವರದ್ದು. ಹಾಗಿದ್ದ ಮೇಲೆ ಇನ್ನೂರು ವರ್ಷ ನಿಲ್ಲುವ ಗೋಡೆಗೆ ಬಡವರ ದುಡ್ಡು ಯಾಕೆ? ಬಳಕೆಯ ಕಾಲ ಲೆಕ್ಕ ಹಾಕುವುದು ಒಂದು. ಬೀಳುವ ದಿನ ಗೊತ್ತುಮಾಡುವುದು ಇನ್ನೊಂದು. ಇವೆರಡನ್ನೂ ಒಂದೇ ಮಾಡಿದ್ದರಿಂದ ಮಗಳ ಮಾತು ನಿಮ್ಮ ಕಿವಿಗೆ ಹಾಗೆ ಕೇಳಿಸಿತು.

ಇದೇ ವಜ್ರದ ಕೆಲಸಗಾರರ ಕಾರ್ಮಿಕ ಸಂಘದ ಇನ್ನೊಂದು ಕಟ್ಟಡ ಆಮ್‌ಸ್ಟರ್‌ಡ್ಯಾಮ್‌ನಲ್ಲಿದೆ. ಸಂಘದ ಕೇಂದ್ರ ಕಚೇರಿ. 1900ರಲ್ಲಿ ಬರ್ಲಾಹೆ ಎಂಬ ಹಿರಿಯ ಆರ್ಕಿಟೆಕ್ಟ್ ಇಟ್ಟಿಗೆಯಲ್ಲಿ ಕಟ್ಟಿದ್ದು. ದಪ್ಪ ಗೋಡೆ, ಗೋಪುರ, ನೋಡಿದರೆ ಕೋಟೆ. ಜನ ಅದನ್ನು ಕರೆಯುವುದೂ ಕೋಟೆ ಅಂತಲೇ. ಸಂಘ ನೂರಾರು ವರ್ಷ ಬಾಳಬೇಕು, ಹಾಗಾಗಿ ಅದಕ್ಕೆ ಕೋಟೆ. ರೋಗ ಬೇಗ ಹೋಗಬೇಕು, ಹಾಗಾಗಿ ಅದರ ಆಸ್ಪತ್ರೆ ಹಗುರ. ಎರಡೂ ಒಂದೇ ಜನ ಕಟ್ಟಿಸಿದ್ದು. ಮಗಳ ಜೊತೆ ಇನ್ನೊಮ್ಮೆ ಹೋದರೆ ಇವೆರಡನ್ನೂ ಒಂದೇ ದಿನ ನೋಡಿ.

ರೋಗದ ಲೆಕ್ಕ ನಿಜವೂ ಆಯಿತು, ಒಂದು ಮಟ್ಟಿಗೆ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು. ಆಮೇಲೆ ಬೇರೆ ಮಾತ್ರೆಗಳು ಬಂದವು. 1959ರಲ್ಲಿ ಮದ್ರಾಸಿನ ಅಧ್ಯಯನವೊಂದು ಮನೆಯಲ್ಲೇ ಮಾತ್ರೆ ತೆಗೆದುಕೊಂಡವರೂ ಸ್ಯಾನಟೋರಿಯಂನಲ್ಲಿ ಮಲಗಿದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆ ಅಂತ ತೋರಿಸಿತು. ಜಗತ್ತಿನ ಸ್ಯಾನಟೋರಿಯಂಗಳ ಬಾಗಿಲು ಮುಚ್ಚಿದ್ದರಲ್ಲಿ ನಮ್ಮ ಪಕ್ಕದ ಊರಿನ ಪಾಲೂ ಇದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಗಿದ್ದೂ ಅದೇ 1959ರಲ್ಲಿ. ಡೈಕರ್ ಲೆಕ್ಕಕ್ಕೆ ಸಿಗದೆ ಹೋದದ್ದು ನಮ್ಮಂಥ ದೇಶಗಳು. ಇಲ್ಲಿ ಆ ರೋಗ ಇನ್ನೂ ಹೋಗಿಲ್ಲ.

ಹಾಗಾದರೆ ಕಟ್ಟಡ ಹಾಳಾದದ್ದು ಯಾಕೆ? ಇಲ್ಲಿ ನಾನು ಡೈಕರ್ ಪರ ವಕಾಲತ್ತು ಮಾಡಲ್ಲ. ತಪ್ಪುಗಳಿದ್ದವು.

ದೊಡ್ಡ ತಪ್ಪು ಕವರಿನದು, ಅಂದರೆ ಸರಳನ್ನು ಮುಚ್ಚುವ ಕಾಂಕ್ರೀಟಿನ ಹೊದಿಕೆಯದು. ಸ್ಲ್ಯಾಬು ತೆಳುವಾದಷ್ಟೂ ಒಳಗಿನ ಸರಳಿಗೆ ಹೊದಿಕೆ ಕಮ್ಮಿ. ಹೊಸ ಕಾಂಕ್ರೀಟಿನೊಳಗೆ ಸುಣ್ಣದ ಅಂಶ ಜಾಸ್ತಿ, ಪಿಎಚ್ 12ರ ಮೇಲೆ ಇರುತ್ತದೆ. ಅಲ್ಲಿವರೆಗೂ ಸರಳು ತುಕ್ಕು ಹಿಡಿಯಲ್ಲ. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೊರಮೈಯಿಂದ ಮೆಲ್ಲಗೆ ಒಳಗೆ ಇಳಿಯುತ್ತದೆ, ಸುಣ್ಣವನ್ನು ತಿನ್ನುತ್ತದೆ. ಪಿಎಚ್ 9ರ ಕೆಳಗೆ ಬರುತ್ತದೆ. ಇದನ್ನೇ ಕಾರ್ಬನೇಶನ್ ಅನ್ನುವುದು. ಅದು ಇಳಿದು ಬಂದ ಗೆರೆ ಸರಳನ್ನು ಮುಟ್ಟಿದ ದಿನ ಕಾವಲು ಮುಗಿಯಿತು. ನೀರು ಸಿಕ್ಕರೆ ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ಬೇಡುತ್ತದೆ, ಕವರನ್ನು ಒಳಗಿನಿಂದ ಒಡೆಯುತ್ತದೆ. ಇದೆಲ್ಲ ನಿಮಗೆ ಗೊತ್ತಿರುವುದೇ. ನಾನು ಹೇಳಬೇಕೆಂದಿರುವುದು ಆ ಗೆರೆಯ ವೇಗ. ಅದು ಕಾಲದ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ. ಎರಡರಷ್ಟು ಆಳ ಹೋಗಲು ನಾಲ್ಕರಷ್ಟು ಕಾಲ ಬೇಕು. ಇದನ್ನು ತಿರುಗಿಸಿ ಓದಿ: ಕವರ್ ಅರ್ಧವಾದರೆ ಆಯಸ್ಸು ಕಾಲಾಗುತ್ತದೆ. 20 ಮಿ.ಮೀ. ಇರಬೇಕಾದಲ್ಲಿ 10 ಇದ್ದರೆ, 80 ವರ್ಷ ಬರಬೇಕಾದ ರಕ್ಷಣೆ 20 ವರ್ಷಕ್ಕೆ ಮುಗಿಯುತ್ತದೆ. ನಮ್ಮಲ್ಲಿ ಇವತ್ತಿಗೂ ಕವರ್ ಬ್ಲಾಕ್ ಬದಲು ಒಂದು ಜಲ್ಲಿ ಕಲ್ಲನ್ನು ಸರಳಿನ ಕೆಳಗೆ ತುರುಕುವ ಮೇಸ್ತ್ರಿಗಳಿದ್ದಾರಲ್ಲ, ಅವರಿಗೆ ನಾನು ಹೇಳುವುದು ಇದನ್ನೇ.

1920ರ ದಶಕದಲ್ಲಿ ಈ ಲೆಕ್ಕ ಎಂಜಿನಿಯರುಗಳ ಕೈಯಲ್ಲಿರಲಿಲ್ಲ. ಕಾಂಕ್ರೀಟ್ ಅಂದರೆ ಕಲ್ಲು, ಕಲ್ಲಿಗೆ ಮುಪ್ಪಿಲ್ಲ ಅನ್ನುವ ನಂಬಿಕೆ ಆಗ. ತೆಳು ಅಚ್ಚಿನೊಳಗೆ ಸಲೀಸಾಗಿ ಹರಿಯಲಿ ಅಂತ ನೀರು ಜಾಸ್ತಿ ಹಾಕುತ್ತಿದ್ದರು. ವೈಬ್ರೇಟರ್ ಇನ್ನೂ ಬಳಕೆಗೆ ಬಂದಿರಲಿಲ್ಲ, ಕೋಲಿನಲ್ಲಿ ಚುಚ್ಚಿ ಕೂರಿಸುವುದು. ಅಂಥ ಕಾಂಕ್ರೀಟಿನಲ್ಲಿ ಸಣ್ಣ ಸಣ್ಣ ರಂಧ್ರ ಹೆಚ್ಚು, ಆ ಗೆರೆ ಇನ್ನೂ ಬೇಗ ಇಳಿಯುತ್ತದೆ. ಗಾಜಿನ ಕೆಳಗಿದ್ದ ಗೋಡೆ ಅಂದರೆ ಉಕ್ಕಿನ ಜಾಲರಿಗೆ ಬಳಿದ ತೆಳು ಸಿಮೆಂಟು. ಕಿಟಕಿಗಳದ್ದು ಸಣ್ಣ ಉಕ್ಕಿನ ಚೌಕಟ್ಟು, ಒಂದೇ ಪದರದ ಗಾಜು. ಚಳಿಗಾಲದಲ್ಲಿ ಒಳಗಿನ ತೇವ ಆ ತಣ್ಣನೆಯ ಉಕ್ಕಿನ ಮೇಲೆ ನೀರಾಗಿ ಇಳಿಯುತ್ತದೆ, ಚೌಕಟ್ಟಿನ ಬುಡದಲ್ಲಿ ನಿಲ್ಲುತ್ತದೆ. ತುಕ್ಕಿಗೆ ಇನ್ನೇನು ಬೇಕು. ಅದಕ್ಕೆ ಬಣ್ಣ ಹೊಡೆಯುತ್ತಲೇ ಇರಬೇಕು. ಇವತ್ತು ಆ ಡ್ರಾಯಿಂಗ್ ನನ್ನ ಮುಂದೆ ಬಂದರೆ ಫ್ರೇಮಿಗೆ ಸಹಿ ಹಾಕುತ್ತೇನೆ, ಕವರಿಗೆ ಹಾಕಲ್ಲ.

ಎರಡನೇ ಕಾರಣ ಬಳಕೆ ಬದಲಾದದ್ದು. ಕ್ಷಯ ಕಮ್ಮಿಯಾದ ಮೇಲೆ ಅದನ್ನು ಸಾಮಾನ್ಯ ಆಸ್ಪತ್ರೆ ಮಾಡಿದರು. ಕಿಟಕಿ ತೆರೆದಿಟ್ಟು ಮಲಗುವುದಕ್ಕೆ ಮಾಡಿದ ಕೋಣೆಯನ್ನು ಮುಚ್ಚಿ ಬಿಸಿ ಮಾಡತೊಡಗಿದರು. ಅಲ್ಲಲ್ಲಿ ಹೊಸ ಕಟ್ಟಡ ಅಂಟಿಸಿದರು, ಹಳೇ ಕಿಟಕಿ ಕಿತ್ತರು. ಆಮೇಲೆ ಅದೂ ಮುಗಿದು ಖಾಲಿ ಬಿದ್ದಿತು. ಡ್ರೆಸೆಲ್‌ಹೌಸ್ ಅನ್ನುವ ಪೆವಿಲಿಯನ್ ಅಂತೂ ವರ್ಷಾನುಗಟ್ಟಲೆ ಪಾಳು. ಗಾಜು ಹೋಗಿ, ಸರಳು ಹೊರಗೆ ಬಂದು, ಸುತ್ತ ಗಿಡ ಬೆಳೆದು. ಪಿಕೆಟಿಬಿ ಜೊತೆ ಇದನ್ನು ಹೋಲಿಸಿದಿರಲ್ಲ, ಅದರಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಮೈಸೂರಿನ ಸ್ಯಾನಟೋರಿಯಂ ರೋಗಿಗಳನ್ನು ನೋಡಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ಜನ ಇರುವ ಕಟ್ಟಡದ ಸೋರಿಕೆ ಅದೇ ಮಳೆಗಾಲದಲ್ಲಿ ಗೊತ್ತಾಗುತ್ತದೆ. ಖಾಲಿ ಕಟ್ಟಡದ್ದು ಹತ್ತು ವರ್ಷ ಆದಮೇಲೆ ಗೊತ್ತಾಗುತ್ತದೆ.

ಎರಡನೇ ಪ್ರಶ್ನೆ: ಬೇಕಿಲ್ಲದ್ದನ್ನು ಉಳಿಸಿದ್ದು ಯಾಕೆ?

1980ರ ದಶಕದಲ್ಲಿ ಇಬ್ಬರು ಡಚ್ ಆರ್ಕಿಟೆಕ್ಟುಗಳು, ಹ್ಯೂಬರ್ಟ್ ಯಾನ್ ಹೆಂಕೆಟ್ ಮತ್ತು ವೆಸೆಲ್ ಡಿ ಯೊಂಗ, ಈ ಕಟ್ಟಡವನ್ನು ಅಭ್ಯಾಸ ಮಾಡುವಾಗ ಎದುರಿಸಿದ್ದೂ ನಿಮ್ಮದೇ ಪ್ರಶ್ನೆಯನ್ನು. ಬಳಕೆ ಮುಗಿದ ಮೇಲೆ ಬೇಡ ಅಂತ ಕಟ್ಟಿದವರೇ ನಂಬಿದ್ದರೆ, ಉಳಿಸುವುದು ಅವರ ಮಾತಿಗೆ ವಿರುದ್ಧ ಅಲ್ವಾ? ಈ ಪ್ರಶ್ನೆಯಿಂದಲೇ 1988ರಲ್ಲಿ ಡೊಕೊಮೊಮೊ ಎಂಬ ಸಂಸ್ಥೆ ಹುಟ್ಟಿತು. ಆಧುನಿಕ ಕಟ್ಟಡಗಳನ್ನು ದಾಖಲಿಸುವುದು, ಉಳಿಸುವುದು ಅದರ ಕೆಲಸ. ಈಗ ಜಗತ್ತಿನಾದ್ಯಂತ ಅದರ ಶಾಖೆಗಳಿವೆ. ಗಮನಿಸಿ, ಹೆಸರಿನಲ್ಲೇ 'ಡೊ' (ಡಾಕ್ಯುಮೆಂಟೇಶನ್), ಅಂದರೆ ದಾಖಲಿಸುವುದು ಮೊದಲು, 'ಕೊ' (ಕನ್ಸರ್ವೇಶನ್), ಅಂದರೆ ಉಳಿಸುವುದು ಆಮೇಲೆ. ಎಲ್ಲವನ್ನೂ ಉಳಿಸಲಾಗದು ಅಂತ ಅವರಿಗೂ ಗೊತ್ತಿತ್ತು.

ಇಂಥ ಕಟ್ಟಡದ ಮುಂದೆ ನಿಂತಾಗ ಇರುವ ದಾರಿಗಳು ಕೆಲವೇ. ಒಂದು, ಅಳತೆ ತೆಗೆದು, ಫೋಟೊ ತೆಗೆದು, ದಾಖಲೆ ಮಾಡಿ, ಅದರ ಪಾಡಿಗೆ ಬಿಡುವುದು. ಡೈಕರ್ ವಿಚಾರಕ್ಕೆ ಇದು ಅತಿ ಹತ್ತಿರ. ಅಪಾಯ ಏನೆಂದರೆ ಕಾಗದದಲ್ಲಿ ಬೆಳಕು ಉಳಿಯಲ್ಲ. ಆ ಕೋಣೆಯಲ್ಲಿ ಬಿಸಿಲು ಹಾಸಿಗೆಗೆ ಹೇಗೆ ಬರುತ್ತಿತ್ತು ಅನ್ನುವುದನ್ನು ಅಲ್ಲಿ ನಿಂತೇ ನೋಡಬೇಕು. ಇನ್ನೊಂದು, ಕೆಡವಿ ಅದೇ ರೂಪದಲ್ಲಿ ಹೊಸದು ಕಟ್ಟುವುದು. ಎಂಜಿನಿಯರಿಗೆ ಸುಲಭ. ಆದರೆ ಇಂದಿನ ಕೋಡ್ ಪ್ರಕಾರ ಕವರ್ ಕೊಟ್ಟ ತಕ್ಷಣ ಸ್ಲ್ಯಾಬು ದಪ್ಪವಾಗುತ್ತದೆ, ಆ ತೆಳುವು ಹೋದರೆ ಕಟ್ಟಡವೇ ಹೋಯಿತು. ಮೂರನೆಯದು ಇಂದಿನ ಬಳಕೆಗೆ ಬೇಕಾದ ಹಾಗೆ ಬದಲಿಸುವುದು: ದಪ್ಪ ಅಲ್ಯುಮಿನಿಯಂ ಕಿಟಕಿ, ಎರಡು ಪದರದ ಗಾಜು, ಹೊರಗೆ ಥರ್ಮೋಕೋಲಿನ ಹೊದಿಕೆ. ಕಟ್ಟಡ ಬದುಕುತ್ತದೆ, ಮುಖ ಗುರುತು ಸಿಗಲ್ಲ. ನಾಲ್ಕನೆಯದು ಇರುವುದನ್ನೇ ಚೂರು ಚೂರಾಗಿ ರಿಪೇರಿ ಮಾಡಿ, ಹೋದದ್ದನ್ನು ಹಾಗೇ ಮತ್ತೆ ಮಾಡಿಸುವುದು. ದುಡ್ಡು ಹೆಚ್ಚು, ಸಮಯ ಹೆಚ್ಚು. ಮಾಡಿ ಮುಗಿಸಿದ ಮೇಲೂ ಅದರ ದೌರ್ಬಲ್ಯ ಹಾಗೇ ಇರುತ್ತದೆ, ನೋಡಿಕೊಳ್ಳುತ್ತಲೇ ಇರಬೇಕು.

ಅವರು ಆರಿಸಿದ್ದು ಹೆಚ್ಚಾಗಿ ನಾಲ್ಕನೆಯದನ್ನು. ಆಮೇಲೆ ಅಂಟಿಸಿದ ಭಾಗಗಳನ್ನು ತೆಗೆದರು. ಕಾಂಕ್ರೀಟ್ ರಿಪೇರಿ ಮಾಡಿದರು. ಸಣ್ಣ ಉಕ್ಕಿನ ಕಿಟಕಿಗಳನ್ನು ಹಳೇ ಅಳತೆಯಲ್ಲೇ ಹೊಸದಾಗಿ ಮಾಡಿಸಿದರು, ನೀವು ನೋಡಿದ ಆ ತಿಳಿ ನೀಲಿ ಬಣ್ಣವನ್ನೂ ವಾಪಸ್ಸು ತಂದರು. ಗಾಜಿನ ವಿಷಯ ಕೇಳಿ. ಈಗಿನ ಗಾಜು ಕನ್ನಡಿಯಂತೆ ಸಪಾಟು. 1928ರ ಗಾಜು ಎಳೆದು ಮಾಡಿದ್ದು, ಅದರ ಮೈಮೇಲೆ ಕಂಡೂಕಾಣದ ಅಲೆ. ಮರಗಳ ಪ್ರತಿಬಿಂಬ ಅದರಲ್ಲಿ ಸ್ವಲ್ಪ ನಲುಗಿ ಕಾಣುತ್ತದೆ. ಹೊಸ ಗಾಜು ಹಾಕಿದರೆ ಇಡೀ ಕಟ್ಟಡ ಆಫೀಸಿನಂತೆ ಕಾಣುತ್ತದೆ ಅಂತ ಹಳೇ ಬಗೆಯ ಗಾಜನ್ನೇ ಹುಡುಕಿಸಿ ತರಿಸಿದರು. ಮುಖ್ಯ ಕಟ್ಟಡ 2003ರಲ್ಲಿ ಮುಗಿಯಿತು. 2010ರಲ್ಲಿ ಈ ಕೆಲಸಕ್ಕೆ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆಯ ಆಧುನಿಕ ಕಟ್ಟಡಗಳ ಪ್ರಶಸ್ತಿ ಬಂತು. ಪಾಳುಬಿದ್ದಿದ್ದ ಪೆವಿಲಿಯನ್ ಸರದಿ ಬಂದದ್ದು ಅದಾದ ಮೇಲೆ.

ದುಡ್ಡು ಸುರಿದದ್ದು ಸರಿಯಾ? ನನ್ನ ಅಭಿಪ್ರಾಯ ಸರಿ ಅಂತಲೇ. ಡೈಕರ್ ಆ ಕಾಲದ ಒಂದು ಪತ್ರಿಕೆಯ ಸಂಪಾದಕರೂ ಆಗಿದ್ದರು. ಎಷ್ಟು ಬೇಕೋ ಅಷ್ಟೇ ವಸ್ತು ಬಳಸುವುದು ಬರೀ ದುಡ್ಡಿನ ಉಳಿತಾಯ ಅಲ್ಲ, ಅದು ಮನಸ್ಸಿನ ಶಿಸ್ತು ಅನ್ನುವುದು ಅವರ ಬರಹಗಳ ತಿರುಳು. ಇವತ್ತು ಒಂದೊಂದು ಚೀಲ ಸಿಮೆಂಟಿಗೂ ಎಷ್ಟು ಇಂಗಾಲ ಹೊರಬರುತ್ತದೆ ಅಂತ ಲೆಕ್ಕ ಹಾಕುವ ಕಾಲ ಬಂದಿದೆ. ಕಮ್ಮಿ ಕಾಂಕ್ರೀಟಿನಲ್ಲಿ ಕೆಲಸ ಆಗುವಂತೆ ಕಟ್ಟುವುದು ಹೇಗೆ ಅಂತ ನಮ್ಮ ಹುಡುಗರು ಕೇಳಿದರೆ ತೋರಿಸಲು ಕಣ್ಣೆದುರು ಒಂದು ಕಟ್ಟಡ ಬೇಕು. ಅದರ ಲೆಕ್ಕ ಎಲ್ಲಿ ಸರಿಯಾಯಿತು, ಕವರ್ ಎಲ್ಲಿ ಸೋತಿತು, ಎರಡೂ ಅಲ್ಲೇ ಕಾಣಬೇಕು. ಇದು ದುಡ್ಡು ಕೊಡಬೇಕಾದ ಪಾಠವೇ.

ಈಗ ಮಗಳ ವಿಷಯ. ಅನ್ನ ಹುಟ್ಟುತ್ತದಾ ಅಂತ ಕೇಳಿದ್ದೀರಿ, ನೇರವಾಗಿ ಹೇಳುತ್ತೇನೆ.

ನಮ್ಮಲ್ಲಿ 1950ರಿಂದ 1980ರವರೆಗೆ ಕಟ್ಟಿದ ಆರ್‌ಸಿಸಿ ಶಾಲೆ, ಆಸ್ಪತ್ರೆ, ಕ್ವಾರ್ಟರ್ಸ್, ನೀರಿನ ಟ್ಯಾಂಕು ಎಷ್ಟಿವೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅವುಗಳಲ್ಲಿ ಕೆಲವನ್ನು ನೀವೇ ಕಟ್ಟಿಸಿರುತ್ತೀರಿ. ಅವೆಲ್ಲವೂ ಈಗ ಆ ಕಾರ್ಬನೇಶನ್ ಗೆರೆ ಸರಳು ಮುಟ್ಟುವ ವಯಸ್ಸಿನಲ್ಲಿವೆ. ಕೆಲಸಕ್ಕೆ ಬರ ಇಲ್ಲ. ಬರ ಇರುವುದು ಕೆಲಸ ಗೊತ್ತಿರುವವರಿಗೆ. ಕರಾವಳಿಯ ಒಂದು ಹಳೇ ಶಾಲೆಗೆ ನನ್ನನ್ನು ಕರೆದಿದ್ದರು. ಚಜ್ಜಾದಿಂದ ತುಂಡು ಉದುರುತ್ತಿತ್ತು. ಅದಕ್ಕಿಂತ ಎರಡು ವರ್ಷ ಮೊದಲು ಯಾರೋ ಗುತ್ತಿಗೆದಾರರು ತುಕ್ಕಿನ ಮೇಲೇ ಪ್ಲಾಸ್ಟರ್ ಬಳಿದು, ಚಂದದ ಬಣ್ಣ ಹೊಡೆದು ಬಿಲ್ ಮಾಡಿಕೊಂಡು ಹೋಗಿದ್ದರು. ನಾವು ಸುತ್ತಿಗೆಯಲ್ಲಿ ತಟ್ಟಿದರೆ ಅರ್ಧ ಚಜ್ಜಾ ಟೊಳ್ಳು ಡಬ್ಬದ ಸದ್ದು. ಒಂದು ಕಡೆ ಹೊಸದಾಗಿ ಒಡೆದು ಫಿನಾಲ್ಫ್ತಲೀನ್ ಸಿಂಪಡಿಸಿದೆವು, ಸುಣ್ಣದ ಅಂಶ ಉಳಿದಿದೆಯಾ ಅಂತ ಬಣ್ಣದಿಂದ ತೋರಿಸುವ ದ್ರಾವಣ ಅದು. ಒಳ್ಳೆಯ ಕಾಂಕ್ರೀಟ್ ಆಗಿದ್ದರೆ ತಕ್ಷಣ ಗುಲಾಬಿ ಬಣ್ಣಕ್ಕೆ ತಿರುಗಬೇಕು. ಹೊರಮೈಯಿಂದ ಸರಳಿನ ಆಚೆಯವರೆಗೂ ಬಣ್ಣವೇ ಬರಲಿಲ್ಲ. ಆಳದಲ್ಲಿ ಮಾತ್ರ ಒಂದು ತೆಳು ಗುಲಾಬಿ ಗೆರೆ. ಪಕ್ಕದಲ್ಲಿ ನಿಂತಿದ್ದ ಹೆಡ್‌ಮೇಷ್ಟ್ರಿಗೆ ನಾನು ಏನೂ ವಿವರಿಸಬೇಕಾಗಲಿಲ್ಲ. ಮಕ್ಕಳನ್ನು ಅವತ್ತೇ ಆ ಕಡೆಯ ಬಾಗಿಲಿನಿಂದ ಓಡಾಡಿಸುವುದು ನಿಲ್ಲಿಸಿದರು.

ಈ ಕೆಲಸ ಬಲ್ಲವರು ಬೇಕು. ಆದರೆ ಮಗಳು ಬರೀ ಪಾರಂಪರಿಕ ಕಟ್ಟಡಗಳ ಆರ್ಕಿಟೆಕ್ಟ್ ಅಂತ ವಾಪಸ್ಸು ಬಂದರೆ ಕಷ್ಟ. ನಮ್ಮಲ್ಲಿ ಪಾರಂಪರಿಕ ಅಂದರೆ ಇನ್ನೂ ದೇವಸ್ಥಾನ, ಅರಮನೆ, ಹೆಚ್ಚೆಂದರೆ ಬ್ರಿಟಿಷ್ ಕಾಲದ ಬಂಗಲೆ. ಕಾಂಕ್ರೀಟ್ ಕಟ್ಟಡ ಉಳಿಸೋಣ ಅಂದರೆ 'ಎಫ್‌ಎಆರ್ (ಆ ಸೈಟಿನಲ್ಲಿ ಕಟ್ಟಲು ಬಿಡುವ ಒಟ್ಟು ವಿಸ್ತೀರ್ಣದ ಲೆಕ್ಕ) ಎಷ್ಟು ಸಿಗುತ್ತದೆ, ಕೆಡವಿ' ಅನ್ನುತ್ತಾರೆ. ಹಾಗಾಗಿ ಕಾಂಕ್ರೀಟ್ ತಪಾಸಣೆ, ಪರೀಕ್ಷೆ, ರಿಪೇರಿಯ ಸ್ಪೆಸಿಫಿಕೇಶನ್ ಬರೆಯುವುದು, ಇವನ್ನು ಕೈಯಾರೆ ಕಲಿತು ಬರಲಿ. ಅಲ್ಲಿನ ಯಾವುದಾದರೂ ರಿಪೇರಿ ಕಂಪನಿಯಲ್ಲಿ ಒಂದೆರಡು ವರ್ಷ ಸೈಟಿನಲ್ಲಿ ನಿಂತರೆ ಇನ್ನೂ ಒಳ್ಳೇದು. ಅದು ಇದ್ದರೆ ಹೊಟ್ಟೆಪಾಡು ನಡೆಯುತ್ತದೆ, ಉಳಿಸುವ ಕೆಲಸ ಸಿಕ್ಕಾಗ ಅದನ್ನೂ ಮಾಡಬಹುದು. ಅಲ್ಲೇ ನೆಲೆಸಿದರೆ ದಾರಿ ಇನ್ನೂ ಸಲೀಸು, ನೀವಿಬ್ಬರೂ ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಷ್ಟೆ. ಥೀಸಿಸ್ ವಿಷಯವಾಗಿ ಒಂದೇ ಮಾತು. 'ಝೊನ್ನೆಸ್ಟ್ರಾಲಿನ ಕಾಂಕ್ರೀಟ್' ಅನ್ನುವುದು ತೀರಾ ಅಗಲ. ಬಿಸಿಲಿಗೆ ಚಾಚಿದ ಸ್ಲ್ಯಾಬಿನ ತುದಿ, ಅದರ ಕವರ್, ರಿಪೇರಿ ಆದಮೇಲೆ ಇಷ್ಟು ವರ್ಷದಲ್ಲಿ ಅದು ಹೇಗಿದೆ, ಇಷ್ಟನ್ನೇ ಹಿಡಿದರೂ ಸಾಕಷ್ಟಾಗುತ್ತದೆ. ಆ ಲೆಕ್ಕ ಪರಿಶೀಲಿಸಲು ಮನೆಯಲ್ಲೇ ಒಬ್ಬರು ಎಂಜಿನಿಯರ್ ಇದ್ದಾರೆ ಅಂತ ಅವಳಿಗೆ ನೆನಪಿಸಿ.

ಇನ್ನೊಂದು ಸಲ ಆ ಕಡೆ ಹೋದರೆ ಆಮ್‌ಸ್ಟರ್‌ಡ್ಯಾಮ್‌ನ ಕ್ಲಿಯೊ ಬೀದಿಗೂ ಹೋಗಿ. ಡೈಕರ್ 1930ರಲ್ಲಿ ಮುಗಿಸಿದ ತೆರೆಗಾಳಿಯ ಶಾಲೆ ಅಲ್ಲಿದೆ. ಕ್ಷಯ ಬರದಿರಲಿ ಅಂತ ಮಕ್ಕಳಿಗೆ ಗಾಳಿ ಬಿಸಿಲಿನಲ್ಲಿ ಪಾಠ ಹೇಳಲು ಕಟ್ಟಿದ್ದು. ರಸ್ತೆ ಬದಿಗೆ ಜಾಗ ಸಿಗದೆ ಮನೆಗಳ ಹಿತ್ತಲ ನಡುವೆ ಕಟ್ಟಬೇಕಾಯಿತು, ಹಾಗಾಗಿ ಗೇಟಿನೊಳಗೆ ಇಣುಕಿಯೇ ನೋಡಬೇಕು. ಪಿಲ್ಲರುಗಳು ಮೂಲೆಯಲ್ಲಿಲ್ಲ, ಪ್ರತಿ ಬದಿಯ ನಡುವೆ ಇವೆ. ನಾಲ್ಕೂ ಮೂಲೆ ಖಾಲಿ, ಗಾಳಿಗೆ ಚಾಚಿಕೊಂಡಿವೆ. ನಾನು ಮೇಲೆ ಹೇಳಿದ ಬೈ 8, ಬೈ 47ರ ಲೆಕ್ಕ ಅಲ್ಲಿ ಝೊನ್ನೆಸ್ಟ್ರಾಲಿಗಿಂತ ಸ್ಪಷ್ಟವಾಗಿ ಕಾಣುತ್ತದೆ. ಡೈಕರ್ 1935ರಲ್ಲಿ 44ನೇ ವಯಸ್ಸಿಗೇ ತೀರಿಕೊಂಡರು. ಹಿಲ್ವರ್ಸಮ್‌ನ ಅವರ ಹೋಟೆಲ್ ಗೊಯ್‌ಲಾಂಡ್ ಅನ್ನು ಮರುವರ್ಷ ಬೈವೂಟ್ ಮುಗಿಸಿಕೊಟ್ಟರು. ಆ ಶಾಲೆಯಲ್ಲಿ ಮಾತ್ರ ಇವತ್ತಿಗೂ ಗಂಟೆ ಹೊಡೆಯುತ್ತದೆ. ಕ್ಲಾಸು ನಡೆಯುವ ಹೊತ್ತಿನಲ್ಲಿ ಫೋಟೊ ತೆಗೆಯಬೇಡಿ, ಮಕ್ಕಳಿರುತ್ತಾರೆ. ಭಾನುವಾರ ಬೆಳಿಗ್ಗೆ ಹೋದರೆ ಒಳ್ಳೇದು.